ಬಾ ಎಂದರೆ ತಾಯಿ, ಬಾ ಎಂದರೆ ಎಂಟು

ಕನ್ನಡದಲ್ಲಿ ‘ಬಾ’ ಎಂದರೆ ಕರೆ. ಗುಜರಾತಿಯಲ್ಲಿ ತಾಯಿ. ವಿಯೆಟ್ನಾಂನಲ್ಲಿ ಅದು ಮೂರು. ಆ ದೇಶದ ದಕ್ಷಿಣದವರು ಅಪ್ಪನನ್ನೂ ಹಾಗೆಯೇ ಕರೆಯುತ್ತಾರೆ. ಫಿಲಿಪೀನ್ಸಿನ ಟಗಾಲೊಗ್‌ನಲ್ಲಿ ವಾಕ್ಯವನ್ನು ಪ್ರಶ್ನೆಯಾಗಿಸುವುದಷ್ಟೇ ಅದರ ಕೆಲಸ, ನಮ್ಮ ‘ಬಂದನಾ?’ದ ಕೊನೆಯ ಸ್ವರದ ಹಾಗೆ. ಪ್ರಾಚೀನ ಈಜಿಪ್ಟಿನವರು ‘ಬಾ’ ಎನ್ನುತ್ತಿದ್ದುದು ಆತ್ಮದ ಒಂದು ರೂಪಕ್ಕೆ. ಮನುಷ್ಯನ ತಲೆಯುಳ್ಳ ಹಕ್ಕಿಯಂತೆ ಅದನ್ನು ಚಿತ್ರಿಸುತ್ತಿದ್ದರು. ಮ್ಯಾಂಡರಿನ್ ಚೀನಿಯಲ್ಲಂತೂ ದನಿಯನ್ನು ಮೇಲೆ ಸಮನಾಗಿ ಹಿಡಿದರೆ ಎಂಟು, ಏರಿಸಿದರೆ ‘ಕಿತ್ತು ತೆಗೆ’, ಥಟ್ಟನೆ ಇಳಿಸಿದರೆ ಅಪ್ಪ.

ಇವೆಲ್ಲ ಒಂದೇ ಬೇರಿನವು ಎಂದು ವಾದಿಸಲು ಹೊರಡುವವರು ಮೊದಲು ಲೆಕ್ಕ ಹಾಕಬೇಕು. 20 ವ್ಯಂಜನ, 5 ಸ್ವರ ಇರುವ ಭಾಷೆಯಲ್ಲಿ ಒಂದು ವ್ಯಂಜನಕ್ಕೆ ಒಂದು ಸ್ವರ ಸೇರಿಸಿದರೆ ಸಿಗುವುದು 100 ಅಕ್ಷರಗಳು ಮಾತ್ರ. ಹವಾಯಿ ಭಾಷೆಗೆ 8 ವ್ಯಂಜನ. ‘ಬ’ ಅಲ್ಲಿ ಇಲ್ಲವೇ ಇಲ್ಲ. ಜಗತ್ತಿನಲ್ಲಿರುವುದೋ ಸುಮಾರು 7,000 ಭಾಷೆಗಳು. ಹೆಚ್ಚು ಬಳಸುವ ಪದಗಳನ್ನು ಚಿಕ್ಕದಾಗಿಯೇ ಇಟ್ಟುಕೊಳ್ಳುವುದು ಎಲ್ಲ ಭಾಷೆಗಳ ಜಾಯಮಾನ. ಇಷ್ಟು ಜನ ಇಷ್ಟೇ ಅಕ್ಷರಗಳಿಗೆ ಕೈಹಾಕಿದರೆ ಡಿಕ್ಕಿಯಾಗದೆ ಇರುತ್ತದೆಯೇ?

ಅಪರೂಪಕ್ಕೆ ಅರ್ಥವೂ ಕೂಡಿಬರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮ್ಬಬರಂ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಇಂಗ್ಲಿಷಿನಿಂದ ಬಂದದ್ದಲ್ಲ. ನೆರೆಯ ಭಾಷೆಯೊಂದರಲ್ಲಿ ‘ಗುಡಗ’ ಎಂದು ಉಳಿದಿರುವ ಪದವೇ ಇಲ್ಲಿ ತಲೆ, ಬಾಲ ಕಳೆದುಕೊಂಡು, ಸ್ವರ ಬದಲಿಸಿಕೊಂಡು ಹೀಗಾಗಿತ್ತು. ಹೋಲಿಕೆ ಕಂಡ ಕೂಡಲೇ ನಂಟು ಕಟ್ಟುವವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದು.

ಅಮ್ಮ ಅಪ್ಪಂದಿರ ಕಥೆ ಸ್ವಲ್ಪ ಬೇರೆ. ಮ, ಬ, ಪ ತುಟಿಯ ಧ್ವನಿಗಳು, ಕೂಸಿನ ಬಾಯಿಗೆ ಬೇಗ ಒಲಿಯುವಂಥವು. ರೋಮನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಕೂಸು ಸುಮ್ಮನೆ ತೊದಲುತ್ತದೆ, ‘ನನ್ನನ್ನೇ ಕರೆಯಿತು’ ಎಂದು ಹಿಗ್ಗುವವರು ಹೆತ್ತವರು. ಯಾರು ಹಿಗ್ಗಬೇಕೆಂಬ ನಿಯಮವಿಲ್ಲ: ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ತಾಯಿ ‘ದೇದಾ’.

ಹಾಗಾದರೆ ಎಲ್ಲೆಡೆ ಒಂದೇ ಅರ್ಥ ಕೊಡುವ ಚಿಕ್ಕ ಪದವೇ ಇಲ್ಲವೇ? ಹತ್ತಿರ ಹತ್ತಿರ ಒಂದಿದೆ: ಕೇಳಿಸದಾಗ ಬಾಯಿಂದ ಹೊರಡುವ ‘ಹಾಂ?’. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಸ್ಪರ ದೂರದ 10 ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ, ಎಲ್ಲದರಲ್ಲೂ ಹೆಚ್ಚುಕಡಿಮೆ ಇದನ್ನೇ ಕಂಡಿತು. ಕಾರಣ ರಕ್ತಸಂಬಂಧವಲ್ಲ, ಅವಸರ. ಮಾತು ತಪ್ಪಿದ ಕ್ಷಣದಲ್ಲೇ, ನಾಲಿಗೆಯನ್ನು ಹೆಚ್ಚು ಹೊರಳಿಸದೆ ಕೇಳಿಬಿಡಬೇಕಲ್ಲ.