ಕೊಲೆಗಾರ ಯಾರೆಂದು ಗೊತ್ತಿದ್ದರೂ ಎದೆ ಹೊಡೆದುಕೊಳ್ಳುವುದೇಕೆ?

ಪ್ರಶ್ನೆ: ಕೆಲವು ಥ್ರಿಲ್ಲರ್ ಸಿನಿಮಾಗಳಲ್ಲಿ ಅಪರಾಧಿ ಯಾರೆಂಬುದು ಇಂಟರ್ವಲ್‌ಗೂ ಮೊದಲೇ ತಿಳಿದುಬಿಡುತ್ತದೆ. ಇನ್ನು ಕೆಲವನ್ನು ನಾವು ಎರಡು ಮೂರು ಸಲ ನೋಡಿರುತ್ತೇವೆ. ಹೀಗಿದ್ದೂ ಉಸಿರು ಬಿಗಿಹಿಡಿದು ನೋಡುವಂತೆ ಮಾಡುವುದು ಯಾವುದು?

ಉತ್ತರ: ಪ್ರೇಕ್ಷಕರಿಂದ ಏನನ್ನಾದರೂ ಬಚ್ಚಿಟ್ಟರೆ ಮಾತ್ರ ಸಸ್ಪೆನ್ಸ್ ಹುಟ್ಟುತ್ತದೆ ಎಂಬ ಊಹೆ ಈ ಪ್ರಶ್ನೆಯೊಳಗೆ ಅಡಗಿದೆ. ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಬಚ್ಚಿಟ್ಟಾಗ ಹುಟ್ಟುವುದು ಕುತೂಹಲ, ಅದು ತಲೆಗೆ ಸಂಬಂಧಿಸಿದ್ದು. ಅಂಗೈ ಬೆವರುವಂಥ ಆತಂಕ ಹುಟ್ಟುವುದು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ, ಅಂದರೆ ಪಾತ್ರಗಳಿಗೆ ತಿಳಿಯದ ಸಂಗತಿಯೊಂದು ನಮಗೆ ತಿಳಿದಿದ್ದು ಅದನ್ನು ಅವರ ಕಿವಿಗೆ ಹಾಕಲು ನಮಗೆ ಯಾವ ಉಪಾಯವೂ ಇಲ್ಲದಿರುವಾಗ.

ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಜೊತೆ ನಡೆಸಿದ ದೀರ್ಘ ಮಾತುಕತೆಯಲ್ಲಿ ಇದನ್ನು ವಿವರಿಸಲು ಕೊಟ್ಟ ಉದಾಹರಣೆ ಈಗ ಸಿನಿಮಾ ಶಾಲೆಗಳ ಬಾಯಿಪಾಠವಾಗಿದೆ. ಮೇಜಿನ ಸುತ್ತ ಕೂತವರು ಮಾತಾಡುತ್ತಿರುವಾಗ ಕೆಳಗಿದ್ದ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕರಿಗೆ ಸಿಗುವುದು ಹದಿನೈದು ಸೆಕೆಂಡುಗಳ ಬೆಚ್ಚಿಬೀಳುವಿಕೆ. ಬಾಂಬು ಇರುವುದನ್ನೂ ಅದು ಸಿಡಿಯುವ ಹೊತ್ತನ್ನೂ ಮೊದಲೇ ತೋರಿಸಿದರೆ ಅದೇ ಹರಟೆ ಹದಿನೈದು ನಿಮಿಷಗಳ ಸಂಕಟವಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಬಾಂಬನ್ನಲ್ಲ, ಹರಟೆಯನ್ನು. ಮಾತು ಎಷ್ಟು ಕ್ಷುಲ್ಲಕವಾಗಿದ್ದರೆ ನಮಗೆ ಅಷ್ಟು ಚಡಪಡಿಕೆ.

ಈ ತತ್ತ್ವವನ್ನು ಹಿಚ್‌ಕಾಕ್ ಬಾಂಬಿನ ಗೊಡವೆಯೇ ಇಲ್ಲದೆ ದುಡಿಸಿಕೊಂಡಿರುವುದು 1946ರ ‘ನಟೋರಿಯಸ್’ ಚಿತ್ರದಲ್ಲಿ. ರಿಯೋ ಡಿ ಜನೈರೋದ ದೊಡ್ಡ ಬಂಗಲೆಯೊಂದರಲ್ಲಿ ಔತಣ ನಡೆಯಲಿದೆ. ಇಂಗ್ರಿಡ್ ಬರ್ಗ್‌ಮನ್ ನಟಿಸಿರುವ ಅಲಿಷಿಯಾ ಅಮೆರಿಕದ ಗೂಢಚಾರಿಣಿ, ಅವಳ ಗಂಡ ಅಲೆಕ್ಸ್ ನಾಜಿ ಕೂಟದವನು. ನೆಲಮಾಳಿಗೆಯ ಮದ್ಯದ ಕೋಣೆಯಲ್ಲಿ ಏನೋ ಇದೆ ಎಂಬ ಅನುಮಾನದಿಂದ ಅವಳು ಗಂಡನ ಗೊಂಚಲಿನಿಂದ ಆ ಕೋಣೆಯ ಬೀಗದ ಕೈಯನ್ನು ಕಳಚಿಕೊಂಡು ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾಳೆ. ಅಷ್ಟರಲ್ಲಿ ಗಂಡ ಬಂದು ಪ್ರೀತಿಯಿಂದ ಅವಳ ಎರಡೂ ಕೈಗಳನ್ನು ಹಿಡಿಯುತ್ತಾನೆ, ಒಂದು ಮುಷ್ಟಿಯನ್ನು ಬಿಡಿಸಿ ಅಂಗೈಗೆ ಮುತ್ತಿಡುತ್ತಾನೆ. ಇನ್ನೊಂದನ್ನು ಬಿಡಿಸುವ ಮೊದಲೇ ಅವಳು ಅವನ ಕೊರಳನ್ನು ತಬ್ಬಿ, ಬೀಗದ ಕೈಯನ್ನು ಬೆನ್ನ ಹಿಂದೆ ನೆಲಕ್ಕೆ ಬೀಳಿಸಿ, ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾಳೆ. ಸರಸದ ದೃಶ್ಯವನ್ನೇ ಹಿಂಸೆಯ ದೃಶ್ಯವಾಗಿಸಲು ಇಲ್ಲಿ ಬೇಕಾದದ್ದು ಆ ಮುಷ್ಟಿಯಲ್ಲಿ ಏನಿದೆ ಎಂಬ ಒಂದು ತಿಳಿವಳಿಕೆ ಮಾತ್ರ.

ಔತಣದ ದೃಶ್ಯ ಆರಂಭವಾಗುವುದು ಎತ್ತರದ ಶಾಟ್‌ನಿಂದ. ಮೇಲಿನಿಂದ ಇಡೀ ಹಜಾರವನ್ನು ತೋರಿಸುವ ಕ್ಯಾಮೆರಾ ಕತ್ತರಿಸದೆ ನಿಧಾನವಾಗಿ ಇಳಿಯುತ್ತಾ ಬಂದು, ಅತಿಥಿಗಳೊಡನೆ ನಗುತ್ತಿರುವ ಅಲಿಷಿಯಾಳ ಕೈಯೊಳಗಿನ ಬೀಗದ ಕೈಯ ಮೇಲೆ ನಿಲ್ಲುತ್ತದೆ. ಇಷ್ಟು ಜನರ ನಡುವೆ ನೋಡಬೇಕಾದದ್ದು ಇದೊಂದನ್ನೇ ಎಂದು ಒಂದು ಮಾತೂ ಇಲ್ಲದೆ ಹೇಳಿದಂತಾಯಿತು. ಅನಂತರದ ಜಾಣತನ ಇನ್ನೂ ದೊಡ್ಡದು. ಶಾಂಪೇನ್ ಮುಗಿದರೆ ಅಲೆಕ್ಸ್ ಹೊಸ ಬಾಟಲಿಗಳಿಗಾಗಿ ನೆಲಮಾಳಿಗೆಗೆ ಇಳಿಯಲೇಬೇಕು, ಇಳಿದರೆ ಗೊಂಚಲಿನಲ್ಲಿ ಕೈ ಇಲ್ಲದಿರುವುದು ಗೊತ್ತಾಗುತ್ತದೆ. ಆದ್ದರಿಂದ ಮಂಜುಗಡ್ಡೆಯ ತೊಟ್ಟಿಯಲ್ಲಿ ಕಡಿಮೆಯಾಗುತ್ತಾ ಹೋಗುವ ಬಾಟಲಿಗಳೇ ಗಡಿಯಾರವಾಗುತ್ತವೆ, ಗಂಟಲು ಒಣಗಿದ ಪ್ರತಿ ಅತಿಥಿಯೂ ನಮಗೆ ಶತ್ರುವಾಗಿ ಕಾಣತೊಡಗುತ್ತಾನೆ. ಆ ಕೋಣೆಯಲ್ಲಿ ಅಡಗಿಸಿಟ್ಟದ್ದು ಯುರೇನಿಯಂ ಅದಿರು ಎಂಬುದು ಆಮೇಲೆ ತಿಳಿಯುತ್ತದೆ. ಅದು ಯುರೇನಿಯಂ ಬದಲು ವಜ್ರವಾಗಿದ್ದರೂ ದೃಶ್ಯದ ಬಿಗಿ ಎಳ್ಳಷ್ಟೂ ಸಡಿಲವಾಗುತ್ತಿರಲಿಲ್ಲ.

ಈ ಆತಂಕಕ್ಕೆ ನೀತಿ ಅನೀತಿಯ ಹಂಗೂ ಇಲ್ಲ. 1960ರ ‘ಸೈಕೋ’ದಲ್ಲಿ ನಾರ್ಮನ್ ಬೇಟ್ಸ್ ಹೆಣವಿರುವ ಕಾರನ್ನು ಜೌಗಿಗೆ ತಳ್ಳಿದಾಗ ಅದು ಅರ್ಧ ಮುಳುಗಿ ಒಂದು ಕ್ಷಣ ನಿಂತುಬಿಡುತ್ತದೆ. ಕೊಲೆಯನ್ನು ಕಂಡು ಆಗಷ್ಟೇ ನಡುಗಿದ ನಾವು ಆ ಕ್ಷಣದಲ್ಲಿ ಕಾರು ಮುಳುಗಲಿ ಎಂದು ಹಾರೈಸುತ್ತೇವೆ. 2013ರ ಮಲಯಾಳಂ ‘ದೃಶ್ಯಂ’ ಮತ್ತು ಅದನ್ನು ಆಧರಿಸಿ 2014ರಲ್ಲಿ ರವಿಚಂದ್ರನ್ ಅಭಿನಯದಲ್ಲಿ ಬಂದ ಕನ್ನಡದ ‘ದೃಶ್ಯ’ ನಿಂತಿರುವುದೂ ಇದೇ ನೆಲೆಯ ಮೇಲೆ. ಸತ್ತವರು ಯಾರು, ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ಎಂಬುದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಆಮೇಲೆ ಪೊಲೀಸರು ಹಾಕುವ ಪ್ರತಿ ಪ್ರಶ್ನೆಗೂ ಆ ಕುಟುಂಬದೊಡನೆ ನಾವೂ ಮನಸ್ಸಿನಲ್ಲೇ ಸುಳ್ಳು ಹೊಂದಿಸುತ್ತೇವೆ, ಚಿಕ್ಕ ಮಗಳು ಎಲ್ಲಿ ಬಾಯಿ ಬಿಟ್ಟಾಳೋ ಎಂದು ಹೆದರುತ್ತೇವೆ. ಕಥೆ ಕೊನೆಯವರೆಗೂ ಬಚ್ಚಿಟ್ಟಿರುವುದು ಒಂದೇ ಒಂದು ಸಂಗತಿಯನ್ನು. ನೋಡದವರು ಇನ್ನೂ ಇರಬಹುದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಗೀತದ ಬಗ್ಗೆಯೂ ಒಂದು ಮಾತು. ಈಚಿನ ಅನೇಕ ಥ್ರಿಲ್ಲರ್‌ಗಳಲ್ಲಿ ಬಾಗಿಲು ತೆರೆದರೂ ಢಂ ಎನ್ನುತ್ತದೆ, ಬೆಕ್ಕು ಹಾರಿದರೂ ಢಂ ಎನ್ನುತ್ತದೆ. ಹೀಗೆ ನಾಲ್ಕು ಸಲ ಮೋಸಹೋದ ಕಿವಿ ಐದನೆಯ ಸಲ ಹೆದರಲು ನಿರಾಕರಿಸುತ್ತದೆ. 1975ರ ‘ಜಾಸ್’ನಲ್ಲಿ ಜಾನ್ ವಿಲಿಯಮ್ಸ್ ಎರಡೇ ಸ್ವರಗಳ ಆವರ್ತನೆಯನ್ನು ಶಾರ್ಕ್ ಮೀನಿಗೆ ಮೀಸಲಾಗಿಟ್ಟರು. ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಸಮುದ್ರಕ್ಕಿಳಿದು ಜನರನ್ನು ಹೆದರಿಸುವಾಗ ಆ ಸ್ವರಗಳು ಕೇಳಿಸುವುದೇ ಇಲ್ಲ. ಹೀಗೆ ಸಂಗೀತ ಸುಳ್ಳು ಹೇಳುವುದಿಲ್ಲ ಎಂದು ನಾವು ನಂಬಿದ ಮೇಲೆ, ಮುಂದೆ ಒಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಶಾರ್ಕ್ ದೋಣಿಯ ಪಕ್ಕದಲ್ಲೇ ಬಾಯಿ ತೆರೆದು ಏಳುತ್ತದೆ. ಚಿತ್ರೀಕರಣದ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಪದೇಪದೇ ಕೆಟ್ಟು ನಿಂತದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ತೋರಿಸದೆಯೇ ಕಥೆ ಹೇಳುವ ದಾರಿಗಳನ್ನು ಹುಡುಕಬೇಕಾಯಿತು. ಆ ತೊಂದರೆಯೇ ಚಿತ್ರಕ್ಕೆ ವರವಾಯಿತು.

ಇನ್ನು ಎರಡನೇ ಸಲ ನೋಡುವವರ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಗೆರಿಗ್ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ನೆರವಿಗೆ ಬರುತ್ತವೆ. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾದದ್ದು ಅಲ್ಲಿನ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅವನು ಆ ಹುದ್ದೆಗೆ ಬಾರದೇ ಹೋಗಬಹುದಿತ್ತು ಎಂಬ ಅನುಮಾನ ಮೂಡಿಸುವಂತೆ ಬರೆದ ಪುಟ್ಟ ಕಥನವನ್ನು ಓದಿದವರು, ಆ ಸಂಗತಿ ನಿಜವೆಂದು ಖಚಿತಪಡಿಸಲು ಮಾಮೂಲಿಗಿಂತ ತುಸು ಹೆಚ್ಚು ಸಮಯ ತೆಗೆದುಕೊಂಡರು. ಅಂದರೆ ಕಥೆಯೊಳಗೆ ಇರುವಷ್ಟು ಹೊತ್ತು, ಗೊತ್ತಿರುವ ಮುಕ್ತಾಯ ಮನಸ್ಸಿನ ಮುಂದಿನ ಸಾಲಿಗೆ ಬರುವುದಿಲ್ಲ.

ಕರಾವಳಿಯವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ. ಯಕ್ಷಗಾನದ ಬಯಲಿನಲ್ಲಿ ಅಭಿಮನ್ಯು ಕಾಳಗ ನಡೆಯುವಾಗ ಚಕ್ರವ್ಯೂಹ ಹೊಕ್ಕ ಹುಡುಗ ಹೊರಗೆ ಬರಲಾರ ಎಂಬುದು ಗೊತ್ತಿಲ್ಲದವರು ಯಾರೂ ಇರುವುದಿಲ್ಲ, ಆದರೂ ಚೆಂಡೆಯ ಪೆಟ್ಟು ಬಿರುಸಾದಂತೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ರನ್ನನ ದುರ್ಯೋಧನ ಸರೋವರದೊಳಗೆ ಅಡಗಿರುವುದು ನಮಗೆ ಮೊದಲೇ ತಿಳಿದಿದೆ. ದಡದಲ್ಲಿ ಭೀಮ ಅಬ್ಬರಿಸುವಾಗ ನೀರಿನೊಳಗೇ ಬೆವರುವ ಅವನ ಜೊತೆ, ಆ ಗಳಿಗೆಯ ಮಟ್ಟಿಗೆ, ನಾವೂ ಅಡಗಿ ಕೂತಿರುತ್ತೇವೆ.

ನನ್ನ ಮಟ್ಟಿಗೆ ಹೇಳುವುದಾದರೆ ‘ನಟೋರಿಯಸ್’ ಎಷ್ಟನೆಯ ಸಲ ನೋಡಿದರೂ ಕಣ್ಣು ಆ ತೊಟ್ಟಿಯ ಕಡೆಗೇ ಹೋಗುತ್ತದೆ, ಬಾಟಲಿಗಳು ಕಳೆದ ಸಲಕ್ಕಿಂತ ಬೇಗ ಖಾಲಿಯಾಗುತ್ತಿವೆ ಎಂದೇ ಅನ್ನಿಸುತ್ತದೆ.