ಓನರ್ ಕೆಟ್ಟರೆ ಟೀಮ್‌ನಲ್ಲಿ ಕೆಡುವುದು ಏನು? ಓಕ್ಲೆಂಡ್ ಅಥ್ಲೆಟಿಕ್ಸ್ ಟಿಪ್ಪಣಿ

ಕ್ರೀಡಾ ನಿರ್ವಹಣೆಯ ಪಾಠದಲ್ಲಿ ಕೆಟ್ಟ ಓನರ್‌ನಿಂದ ಟೀಮ್‌ಗೆ ಏನಾಗುತ್ತದೆ ಎಂಬ ಭಾಗ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಓನರ್ ಜುಗ್ಗ. ಅದಕ್ಕೆ ಆಟಗಾರರು ಕುಗ್ಗುತ್ತಾರೆ, ಟೀಮ್ ಸೋಲುತ್ತದೆ, ಜನ ಬರುವುದನ್ನು ನಿಲ್ಲಿಸುತ್ತಾರೆ. ಕೇಳೋಕೆ ಸರಿಯಾಗೇ ಇದೆ. ಆದರೆ ಅಮೆರಿಕದ ಬೇಸ್‌ಬಾಲ್ ಟೀಮ್ ಓಕ್ಲೆಂಡ್ ಅಥ್ಲೆಟಿಕ್ಸ್ ಕಥೆಯನ್ನು ವರ್ಷ ಹಾಕಿಕೊಂಡು ಓದಿದರೆ ಈ ಸರಪಳಿ ಎರಡು ಕಡೆ ಕಳಚಿಕೊಳ್ಳುತ್ತದೆ. ಓನರ್‌ನನ್ನು ಕಂಡರೆ ಆಗದ ಆಟಗಾರರೂ ಗೆದ್ದಿದ್ದಾರೆ. ಮೈದಾನಕ್ಕೆ ಬರದ ಅಭಿಮಾನಿಗಳ ನಿಷ್ಠೆಯೂ ಹೋಗಿರಲಿಲ್ಲ. ಪರೀಕ್ಷೆಗೆ ಓದುತ್ತಿರುವವರು ಈ ಎರಡನ್ನು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗೇ ಬರುತ್ತದೆ.

ಬೇಸ್‌ಬಾಲ್ ನಿಯಮಗಳನ್ನು ಇಲ್ಲಿ ಬರೆಯುತ್ತಿಲ್ಲ. ಮೇಜರ್ ಲೀಗ್‌ನಲ್ಲಿ 30 ಟೀಮ್, ಒಂದು ಸೀಸನ್‌ಗೆ 162 ಪಂದ್ಯ, ಅದರಲ್ಲಿ 81 ತವರಿನಲ್ಲಿ. ಇಷ್ಟು ಸಾಕು.

ಬೈದುಕೊಂಡೇ ಗೆದ್ದವರು

ಚಾರ್ಲಿ ಫಿನ್ಲಿ 1968ರಲ್ಲಿ ಟೀಮನ್ನು ಕಾನ್ಸಾಸ್ ಸಿಟಿಯಿಂದ ಓಕ್ಲೆಂಡ್‌ಗೆ ತಂದ ಓನರ್. ದುಡ್ಡಿನಲ್ಲಿ ಬಿಗಿ, ಎಲ್ಲದರಲ್ಲೂ ಮೂಗು ತೂರಿಸುವ ಸ್ವಭಾವ. ಆದರೂ ಅವನ ಟೀಮ್ 1972, 1973, 1974 ಸಾಲಾಗಿ ಮೂರು ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಗೆದ್ದಿತು.

1973ರ ಫೈನಲ್‌ನ ಒಂದು ಘಟನೆ ನೋಡಿ. ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಎರಡನೇ ಪಂದ್ಯ, 12ನೇ ಇನ್ನಿಂಗ್ಸ್. ಸೆಕೆಂಡ್ ಬೇಸ್‌ನಲ್ಲಿದ್ದ ಮೈಕ್ ಆಂಡ್ರೂಸ್ ಎರಡು ತಪ್ಪು ಮಾಡಿದ, ಪಂದ್ಯ ಕೈಬಿಟ್ಟಿತು. ಫಿನ್ಲಿ ಏನು ಮಾಡಿದ ಗೊತ್ತಾ? ಭುಜಕ್ಕೆ ಗಾಯವಾಗಿದೆ, ಇನ್ನು ಆಡೋಕೆ ಆಗಲ್ಲ ಎಂಬ ಹೇಳಿಕೆಗೆ ಆಂಡ್ರೂಸ್ ಕೈಯಲ್ಲಿ ಸಹಿ ಹಾಕಿಸಿಕೊಂಡ. ಅವನನ್ನು ಪಟ್ಟಿಯಿಂದ ತೆಗೆದು ಬೇರೊಬ್ಬನನ್ನು ಸೇರಿಸುವ ಉಪಾಯ ಅದು. ಟೀಮ್ ಸಿಡಿದೆದ್ದಿತು. ಆಂಡ್ರೂಸ್‌ನ 17 ನಂಬರನ್ನು ಟೇಪಿನಲ್ಲಿ ಸಮವಸ್ತ್ರದ ಮೇಲೆ ಅಂಟಿಸಿಕೊಂಡು ಆಟಗಾರರು ಅಭ್ಯಾಸಕ್ಕೆ ಇಳಿದರು. ಲೀಗ್‌ನ ಮುಖ್ಯಸ್ಥರಾದ ಕಮಿಷನರ್ ಬೋವಿ ಕುನ್ ಆಂಡ್ರೂಸ್‌ನನ್ನು ವಾಪಸ್ ಸೇರಿಸಲು ಆದೇಶ ಕೊಟ್ಟರು. ನಾಲ್ಕನೇ ಪಂದ್ಯದಲ್ಲಿ ಅವನು ಬ್ಯಾಟ್ ಹಿಡಿದು ಬಂದಾಗ ನ್ಯೂಯಾರ್ಕ್‌ನ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದುರಾಳಿ ಊರಿನ ಜನ! ಅಥ್ಲೆಟಿಕ್ಸ್ ಏಳು ಪಂದ್ಯಗಳ ಸರಣಿ ಗೆದ್ದಿತು, ಗೆದ್ದ ಮೇಲೆ ಮ್ಯಾನೇಜರ್ ಡಿಕ್ ವಿಲಿಯಮ್ಸ್ ರಾಜೀನಾಮೆ ಬಿಸಾಕಿ ಹೋದರು.

ಓನರ್ ಮೇಲಿನ ಸಿಟ್ಟು ಇಲ್ಲಿ ಟೀಮನ್ನು ಒಡೆಯಲಿಲ್ಲ, ಇನ್ನೂ ಹತ್ತಿರ ತಂದಿತು. ಎಲ್ಲರಿಗೂ ಬೈಯೋಕೆ ಒಬ್ಬನೇ ಸಿಕ್ಕಿದ್ದ. ಹಾಗಾದರೆ ಟೀಮ್ ಮುರಿದದ್ದು ಯಾವಾಗ? ಆಟಗಾರರು ಹೊರಡೋಕೆ ಶುರು ಮಾಡಿದಾಗ. ಒಪ್ಪಂದದಲ್ಲಿದ್ದ ಒಂದು ಪಾವತಿಯನ್ನು ಫಿನ್ಲಿ ಕೊಡದೇ ಇದ್ದದ್ದಕ್ಕೆ 1974ರ ಕೊನೆಯಲ್ಲಿ ಪಿಚರ್ (ಚೆಂಡು ಎಸೆಯುವವ) ಕ್ಯಾಟ್‌ಫಿಶ್ ಹಂಟರ್‌ಗೆ ಬಿಡುಗಡೆ ಸಿಕ್ಕಿತು, ಅವನು ಯಾಂಕೀಸ್ ಸೇರಿದ. 1976ರಲ್ಲಿ ರೆಗ್ಗಿ ಜಾಕ್ಸನ್ ಟ್ರೇಡ್ ಆದ, ಅಂದರೆ ಅವನನ್ನು ಬೇರೆ ಟೀಮ್‌ಗೆ ಕೊಟ್ಟು ಬದಲಿಗೆ ಆಟಗಾರರನ್ನು ಪಡೆದರು. ಆ ವರ್ಷದ ಕೊನೆಗೆ ರೋಲಿ ಫಿಂಗರ್ಸ್, ಜೋ ರೂಡಿ, ಸಾಲ್ ಬ್ಯಾಂಡೊ ಫ್ರೀ ಏಜೆಂಟ್ (ಬೇಕಾದ ಟೀಮ್ ಸೇರಬಹುದಾದ ಆಟಗಾರ) ಆಗಿ ಹೊರಟರು. 1977ರಲ್ಲಿ ಟೀಮ್ ಕೊನೆಯ ಸ್ಥಾನಕ್ಕೆ ಬಿತ್ತು, ಅದೇ ವರ್ಷ ಹುಟ್ಟಿದ ಸಿಯಾಟಲ್ ಮ್ಯಾರಿನರ್ಸ್‌ಗಿಂತಲೂ ಕೆಳಗೆ.

ಜನ ಬರದಿದ್ದರೂ ಓನರ್‌ಗೆ ಯಾಕೆ ಬಿಸಿ ತಟ್ಟಲ್ಲ? (ಇಲ್ಲಿ ನಿಧಾನವಾಗಿ ಓದಿ)

ಈಗ ಜಾನ್ ಫಿಶರ್ ಕಾಲಕ್ಕೆ ಬರೋಣ. ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದ ದಂಪತಿಯ ಮಗ. 2005ರಲ್ಲಿ ಲ್ಯೂ ವುಲ್ಫ್ ಜೊತೆ ಸೇರಿ ಸುಮಾರು 18 ಕೋಟಿ ಡಾಲರ್‌ಗೆ ಟೀಮ್ ಕೊಂಡರು. ಕ್ರಮೇಣ ಫಿಶರ್ ಒಬ್ಬರೇ ಮುಂದೆ ಬಂದರು.

ನನ್ನ ತಲೆ ತಿಂದ ಪ್ರಶ್ನೆ ಇದು. ಜನ ಬರದಿದ್ದರೆ ಓನರ್‌ಗೆ ನಷ್ಟ ಅಲ್ವಾ? ನಷ್ಟವಾದರೆ ಅವನು ತಿದ್ದಿಕೊಳ್ಳಬೇಕು ಅಲ್ವಾ? ಯಾಕೆ ತಿದ್ದಿಕೊಳ್ಳಲ್ಲ? ಉತ್ತರ ಇರುವುದು ಟೀಮ್‌ಗಳು ಆದಾಯ ಹಂಚಿಕೊಳ್ಳುವ ರೆವೆನ್ಯೂ ಶೇರಿಂಗ್‌ನಲ್ಲಿ. ಹೆಸರು ಎಲ್ಲರೂ ಕೇಳಿರುತ್ತಾರೆ, ಲೆಕ್ಕ ಮಾತ್ರ ಯಾರೂ ಹಾಕಲ್ಲ. ಹಾಕಿ ನೋಡೋಣ.

ಟಿಕೆಟ್, ಪಾರ್ಕಿಂಗ್, ತಿಂಡಿ, ಸ್ಥಳೀಯ ಟಿವಿ, ಇವೆಲ್ಲ ಸೇರಿ ಲೋಕಲ್ ಆದಾಯ. ಅದರಲ್ಲಿ ಸ್ಟೇಡಿಯಂ ಖರ್ಚು ಕಳೆದು ಉಳಿದದ್ದರ 48% ಭಾಗವನ್ನು ಪ್ರತಿ ಟೀಮ್ ಒಂದು ಸಾಮಾನ್ಯ ಹುಂಡಿಗೆ ಹಾಕಬೇಕು. ಹುಂಡಿಯ ದುಡ್ಡು 30 ಟೀಮ್‌ಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ.

ಒಂದು ಕುಟುಂಬ ಬಂದು 100 ಡಾಲರ್ ಖರ್ಚು ಮಾಡಿತು ಅಂದುಕೊಳ್ಳಿ. 52 ಡಾಲರ್ ಓನರ್ ಹತ್ತಿರ ಉಳಿಯಿತು, 48 ಹುಂಡಿಗೆ ಹೋಯಿತು. ಆ 48ರಲ್ಲಿ ಮೂವತ್ತನೇ ಒಂದು ಪಾಲು, ಅಂದರೆ 1.60 ಡಾಲರ್, ಅವನಿಗೇ ವಾಪಸ್ ಬಂತು. ಒಟ್ಟು ಅವನ ಕೈಗೆ 53.60 ಡಾಲರ್.

ಈಗ ಅದೇ ಕುಟುಂಬ ಸಿಟ್ಟು ಮಾಡಿಕೊಂಡು ಮನೆಯಲ್ಲೇ ಉಳಿಯಿತು. ಓನರ್‌ಗೆ ಆದ ನಷ್ಟ ಎಷ್ಟು? 100 ಅಲ್ಲ, 53.60. ಉಳಿದ 46.40 ಡಾಲರ್ ನಷ್ಟ ಯಾರಿಗೆ? ಬಾಕಿ 29 ಟೀಮ್‌ಗಳಿಗೆ, ತಲೆಗೆ 1.60ರ ಹಾಗೆ. ಬೋಸ್ಟನ್‌ಗೆ ಸ್ವಲ್ಪ, ಷಿಕಾಗೊಗೆ ಸ್ವಲ್ಪ, ಏನೂ ತಪ್ಪು ಮಾಡದವರಿಗೆಲ್ಲ ಸ್ವಲ್ಪ ಸ್ವಲ್ಪ. ಓನರ್ ಮೇಲಿನ ಸಿಟ್ಟಿಗೆ ಜನ ಮಾಡಿದ ಬಹಿಷ್ಕಾರದ ಅರ್ಧದಷ್ಟು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಇದೇ ಲೆಕ್ಕವನ್ನು ತಿರುಗಿಸಿ, ಆಟಗಾರರ ಕಡೆಯಿಂದ ನೋಡಿ. ವರ್ಷಕ್ಕೆ 1 ಕೋಟಿ ಡಾಲರ್ ಸಂಬಳದ ಒಬ್ಬ ಒಳ್ಳೆಯ ಆಟಗಾರನನ್ನು ಉಳಿಸಿಕೊಳ್ಳಬೇಕು. ಅವನನ್ನು ನೋಡಲು ಬರುವ ಜನರಿಂದಲೇ ಆ ದುಡ್ಡು ಹುಟ್ಟಬೇಕು ಅಂದರೆ ಹೆಚ್ಚುವರಿಯಾಗಿ 1 ಕೋಟಿ ಬಂದರೆ ಸಾಲದು. 1 ಕೋಟಿಯನ್ನು 0.536ರಿಂದ ಭಾಗಿಸಿ. ಸುಮಾರು 1 ಕೋಟಿ 87 ಲಕ್ಷ ಡಾಲರ್ ಬರಬೇಕು. ಸಂಬಳ ಪೂರ್ತಿ ಓನರ್ ಜೇಬಿನಿಂದ, ಗಳಿಕೆ ಮಾತ್ರ ಊರಿಗೆಲ್ಲ. ಗೆಲ್ಲಬೇಕೆಂಬ ಹಟ ಇಲ್ಲದ ಓನರ್ ಈ ಲೆಕ್ಕ ನೋಡಿ ಏನು ಮಾಡುತ್ತಾನೆ ಅಂತ ಬೇರೆ ಹೇಳಬೇಕಿಲ್ಲ.

ನೆನಪಿಟ್ಟುಕೊಳ್ಳಲು 53.60 ಒಂದೇ ಸಂಖ್ಯೆ ಸಾಕು. ನಾನು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ. ಇದಕ್ಕೆ ಇನ್ನೆರಡು ಸೇರಿಸಿಕೊಳ್ಳಿ. ರಾಷ್ಟ್ರೀಯ ಟಿವಿ ಹಕ್ಕಿನ ದುಡ್ಡು ಎಲ್ಲರಿಗೂ ಸಮ, ಕುರ್ಚಿ ಖಾಲಿ ಇದ್ದರೂ ಬರುತ್ತದೆ. ಟೀಮಿನ ಬೆಲೆಯೂ ಏರುತ್ತಲೇ ಇರುತ್ತದೆ. 18 ಕೋಟಿಗೆ ಕೊಂಡದ್ದು ಈಗ ಫೋರ್ಬ್ಸ್ ಅಂದಾಜಿನಲ್ಲಿ 100 ಕೋಟಿ ಡಾಲರ್ ದಾಟಿ ಎಷ್ಟೋ ಆಗಿದೆ.

ಅಂದಹಾಗೆ, ಐಪಿಎಲ್‌ನಲ್ಲಿ ಪರ್ಸ್‌ಗೆ ಮೇಲಿನ ಮಿತಿಯೂ ಇದೆ, ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಎಂಬ ನಿಯಮವೂ ಇದೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಗಟ್ಟಿಯಾದ ಮೇಲ್ಮಿತಿಯೂ ಇಲ್ಲ, ತಳಮಿತಿಯೂ ಇಲ್ಲ. ತಳ ಇಲ್ಲದ ಕಡೆ ಎಷ್ಟು ಕೆಳಗೆ ಬೇಕಾದರೂ ಇಳಿಯಬಹುದು.

ಆಟಗಾರರ ಕಡೆ

ಸರ್ವಿಸ್ ಟೈಮ್, ಅಂದರೆ ಆಟಗಾರನ ಸೇವಾವಧಿ, ಅದರ ಬಗ್ಗೆ ಚುಟುಕಾಗಿ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷ ಎಂದು ಎಣಿಕೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಹತ್ತಿರ, ಆಮೇಲೆ ಮೂರು ವರ್ಷ, ಒಪ್ಪಂದ ಆಗದಿದ್ದರೆ ಮಧ್ಯಸ್ಥರು ಸಂಬಳ ನಿರ್ಧರಿಸುವ ಆರ್ಬಿಟ್ರೇಶನ್‌ನಲ್ಲಿ ಸಂಬಳ ಏರುತ್ತದೆ, ಆರಾದ ಮೇಲೆ ಸ್ವಾತಂತ್ರ್ಯ. ಅಲ್ಲಿಯವರೆಗೆ ಆಟಗಾರ ತಾನಾಗಿ ಟೀಮ್ ಬಿಡುವ ಹಾಗಿಲ್ಲ. ಓನರ್ ಮಾತ್ರ ಯಾವಾಗ ಬೇಕಾದರೂ ಅವನನ್ನು ಕಳಿಸಬಹುದು. ಸಂಬಳ ಏರುವ ಹೊತ್ತಿಗೆ ಸರಿಯಾಗಿ ಕಳಿಸುವುದೇ ಓಕ್ಲೆಂಡ್‌ನ ಪದ್ಧತಿಯಾಯಿತು.

2022ರ ಮಾರ್ಚ್‌ನಲ್ಲಿ ಕೆಲವೇ ದಿನಗಳೊಳಗೆ ಕ್ರಿಸ್ ಬ್ಯಾಸಿಟ್, ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಮೂವರೂ ಬೇರೆ ಬೇರೆ ಟೀಮ್‌ಗೆ ಹೋದರು. ಓಲ್ಸನ್ ಅಟ್ಲಾಂಟಾಗೆ ಹೋದ ಮರುದಿನವೇ ಅಲ್ಲಿ 8 ವರ್ಷಕ್ಕೆ 16.8 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ಡಿಸೆಂಬರ್‌ನಲ್ಲಿ ಕ್ಯಾಚರ್ ಶಾನ್ ಮರ್ಫಿಯದೂ ಅದೇ ದಾರಿ. ಅಟ್ಲಾಂಟಾಗೆ ಟ್ರೇಡ್, ತಿಂಗಳು ತುಂಬುವ ಮೊದಲೇ 6 ವರ್ಷದ ಒಪ್ಪಂದ. ಲಾಕರ್ ರೂಮಿನಲ್ಲಿ ಉಳಿದ ಹುಡುಗನಿಗೆ ಇದರಿಂದ ಏನು ಅರ್ಥವಾಗುತ್ತದೆ? ಚೆನ್ನಾಗಿ ಆಡಿದರೆ ಇಲ್ಲಿ ಇರಲ್ಲ. ಚೆನ್ನಾಗಿ ಆಡದಿದ್ದರೂ ಇರಲ್ಲ. ಕಷ್ಟಪಟ್ಟು ಆಡುವುದನ್ನು ಯಾರೂ ಬಿಡಲ್ಲ, ಯಾಕೆಂದರೆ ಮುಂದಿನ ಒಪ್ಪಂದ ಅವನದೇ. ಆದರೆ ಹಿರಿಯರು ಕಿರಿಯರಿಗೆ ಕಲಿಸಿ ವರ್ಷದಿಂದ ವರ್ಷಕ್ಕೆ ಬೆಳೆಯುವ ಒಂದು ಪರಂಪರೆ ಇರುತ್ತದಲ್ಲ, ಅದು ಕಟ್ಟಿಕೊಳ್ಳುವುದೇ ಇಲ್ಲ. ಮೊರೇಲ್ (ಆಟಗಾರರ ಹುಮ್ಮಸ್ಸು) ಅಂತ ನಾವು ಬರೆಯುವಾಗ ಸುಮ್ನೆ 'ಬೇಜಾರು' ಅಂತ ಬರೆದರೆ ಸಾಲದು, ಇದನ್ನು ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಫಲಿತಾಂಶ: 2021ರಲ್ಲಿ 86 ಗೆಲುವು, 2022ರಲ್ಲಿ 60, 2023ರಲ್ಲಿ 50. ರಿಲೀಫ್ ಪಿಚರ್ ಟ್ರೆವರ್ ಮೇ 2023ರ ಸೀಸನ್ ಮುಗಿಸಿ ನಿವೃತ್ತಿಯಾಗುವಾಗ ಲೈವ್‌ಸ್ಟ್ರೀಮ್‌ನಲ್ಲಿ ಫಿಶರ್‌ಗೆ ನೇರವಾಗಿಯೇ ಹೇಳಿದ: ಟೀಮ್ ಮಾರಿಬಿಡಿ. ಆಡುತ್ತಿರುವಾಗ ಹೇಳಲಿಲ್ಲ, ನಿವೃತ್ತಿಯ ಮಾತಿನಲ್ಲೇ ಹೇಳಿದ ಅನ್ನುವುದನ್ನೂ ಗಮನಿಸಿ.

2025ಕ್ಕೆ ಮುಂಚೆ ದಿಢೀರ್ ಅಂತ ದುಡ್ಡು ಹೊರಬಂತು. ಪಿಚರ್ ಲೂಯಿಸ್ ಸೆವೆರಿನೊಗೆ 3 ವರ್ಷಕ್ಕೆ 6.7 ಕೋಟಿ, ಬ್ರೆಂಟ್ ರೂಕರ್‌ಗೆ 5 ವರ್ಷಕ್ಕೆ 6 ಕೋಟಿ ಡಾಲರ್. ಮನಸ್ಸು ಬದಲಾಯಿತಾ? ರೆವೆನ್ಯೂ ಶೇರಿಂಗ್ ದುಡ್ಡು ಪಡೆಯುವ ಟೀಮ್ ಅದರ ಒಂದೂವರೆ ಪಟ್ಟು ಸಂಬಳಕ್ಕೆ ಖರ್ಚು ಮಾಡದಿದ್ದರೆ ಆಟಗಾರರ ಸಂಘ ದೂರು ಹಾಕಬಹುದು ಎಂಬ ನಿಯಮವಿದೆ. ಅದನ್ನು ಇದರ ಪಕ್ಕದಲ್ಲಿಟ್ಟು ಓದಿ.

ಹಾಜರಿ ಬೇರೆ, ನಿಷ್ಠೆ ಬೇರೆ

1979ರಲ್ಲಿ, ಫಿನ್ಲಿಯ ಕೊನೆಗಾಲದಲ್ಲಿ, ಇಡೀ ಸೀಸನ್‌ಗೆ ಬಂದವರು 3,06,763. ಏಪ್ರಿಲ್‌ನ ಒಂದು ಪಂದ್ಯಕ್ಕೆ ಘೋಷಿಸಿದ ಹಾಜರಿ 653. ಓಕ್ಲೆಂಡ್‌ಗೆ ಬೇಸ್‌ಬಾಲ್ ಬೇಡ ಅಂತ ಆಗ ಹೇಳಿದವರು ಬೇಕಾದಷ್ಟು ಜನ ಇದ್ದಿರಬೇಕು. 1980ರಲ್ಲಿ ಲೀವೈಸ್ ಜೀನ್ಸ್ ಕಂಪನಿಯ ವಾಲ್ಟರ್ ಹಾಸ್ ಕುಟುಂಬ ಟೀಮ್ ಕೊಂಡಿತು. ಆಟಗಾರರ ಮೇಲೆ ಖರ್ಚು ಮಾಡಿತು, ಊರಿನ ಜೊತೆ ಬೆರೆಯಿತು. 1989ರಲ್ಲಿ ವರ್ಲ್ಡ್ ಸೀರೀಸ್ ಬಂತು. 1990ರಲ್ಲಿ ಮೈದಾನಕ್ಕೆ ಬಂದವರು 29 ಲಕ್ಷ. ಅದೇ ಊರು, ಅದೇ ಕೊಲಿಸಿಯಂ ಮೈದಾನ. ಪ್ರಯೋಗಾಲಯದಲ್ಲೂ ಇಷ್ಟು ಸ್ಪಷ್ಟವಾಗಿ ಓನರ್ ಒಬ್ಬನನ್ನೇ ಬದಲಿಸಿ ನೋಡೋಕೆ ಆಗಲ್ಲ. ಹಾಸ್ ಕುಟುಂಬ ಲಾಭ ಮಾಡಲಿಲ್ಲ ಅನ್ನುವುದನ್ನೂ ಬರೆಯಬೇಕು. ಟೀಮ್ ಊರಲ್ಲೇ ಉಳಿಯಲಿ ಅಂತ 1995ರಲ್ಲಿ ಕಡಿಮೆ ಬೆಲೆಗೆ ಸ್ಥಳೀಯರಿಗೆ ಮಾರಿದರು.

ಫಿಶರ್ ಕಾಲದಲ್ಲಿ, 2023ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಹೊಸ ಸ್ಟೇಡಿಯಂಗೆ ಜಾಗ ನೋಡಿದ್ದೇವೆ ಎಂದು ಟೀಮ್ ಹೇಳಿತು. ಜನ ಬರಲ್ಲ ಎಂಬ ದೂರು ಇದ್ದೇ ಇತ್ತು. ಅಭಿಮಾನಿಗಳು ಬಹಿಷ್ಕಾರವನ್ನು ಉಲ್ಟಾ ಮಾಡಿದರು. ಜೂನ್ 13ರ ಮಂಗಳವಾರ ಎಲ್ಲರೂ ಬನ್ನಿ ಎಂದು ಕರೆ ಕೊಟ್ಟರು. ಆ ವರ್ಷದ ಸರಾಸರಿ ಹಾಜರಿ ಸುಮಾರು 10 ಸಾವಿರ. ಅವತ್ತು ಬಂದವರು 27,759. ಎದೆಯ ಮೇಲೆ 'ಸೆಲ್' (ಮಾರಿ) ಎಂದು ಬರೆದ ಹಸಿರು ಟೀ ಶರ್ಟ್‌ಗಳು. ಐದನೇ ಇನ್ನಿಂಗ್ಸ್‌ನಲ್ಲಿ ಮೊದಲ ಬ್ಯಾಟರ್ ಆಡುವಷ್ಟು ಹೊತ್ತು ಎಲ್ಲರೂ ಗಪ್‌ಚಿಪ್. ಆಮೇಲೆ ಒಮ್ಮೆಗೇ 'ಸೆಲ್ ದ ಟೀಮ್' ಕೂಗು. ಎದುರಿಗಿದ್ದದ್ದು ಆಗ ಲೀಗ್‌ನಲ್ಲೇ ಅತಿ ಹೆಚ್ಚು ಗೆದ್ದಿದ್ದ ಟ್ಯಾಂಪಾ ಬೇ. ಅಥ್ಲೆಟಿಕ್ಸ್ 2-1ರಿಂದ ಗೆದ್ದಿತು, ಅದು ಸತತ ಏಳನೇ ಗೆಲುವು. 112 ಪಂದ್ಯ ಸೋತ ವರ್ಷದಲ್ಲಿ! ಅದೇ ದಿನ ವೇಗಸ್ ಇರುವ ನೆವಾಡಾ ರಾಜ್ಯದ ಸೆನೆಟ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್ ಸಾರ್ವಜನಿಕ ಹಣದ ಮಸೂದೆಯನ್ನು ಪಾಸು ಮಾಡಿತು. ನವೆಂಬರ್‌ನಲ್ಲಿ 30 ಓನರ್‌ಗಳೂ ಒಮ್ಮತದಿಂದ ಸ್ಥಳಾಂತರಕ್ಕೆ ಒಪ್ಪಿದರು.

ಊರು ಬಿಡುವ ಈ ತುರ್ತಿಗೂ ರೆವೆನ್ಯೂ ಶೇರಿಂಗ್‌ನ ಹುಂಡಿಗೂ ಸಂಬಂಧವಿದೆ. ದೊಡ್ಡ ಮಾರುಕಟ್ಟೆಯ ಊರು ಎಂಬ ಕಾರಣಕ್ಕೆ ಓಕ್ಲೆಂಡ್‌ಗೆ ಕೆಲವು ವರ್ಷ ಹುಂಡಿಯ ಪಾಲು ಹಂತಹಂತವಾಗಿ ನಿಂತಿತ್ತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಲ್ಲಿ ಅದು ವಾಪಸ್ ಬಂತು, ಆದರೆ 2024ರ ಜನವರಿ 15ರ ಒಳಗೆ ಹೊಸ ಸ್ಟೇಡಿಯಂ ಒಪ್ಪಂದ ಆಗಬೇಕು ಎಂಬ ಷರತ್ತಿನ ಮೇಲೆ.

2024ರ ಸೆಪ್ಟೆಂಬರ್ 26ರಂದು ಓಕ್ಲೆಂಡ್‌ನ ಕೊನೆಯ ಪಂದ್ಯಕ್ಕೆ 46,889 ಜನ ಬಂದರು. 2025ರಿಂದ ಟೀಮ್ ವೆಸ್ಟ್ ಸ್ಯಾಕ್ರಮೆಂಟೊದ ಮೈನರ್ ಲೀಗ್ ಮೈದಾನದಲ್ಲಿ, ಹೆಸರಿನ ಮುಂದೆ ಊರೇ ಇಲ್ಲದೆ ಆಡುತ್ತಿದೆ. ಓಕ್ಲೆಂಡ್‌ನಲ್ಲಿ ಅಷ್ಟರೊಳಗೆ ಬಾಲರ್ಸ್ ಎಂಬ ಸಣ್ಣ ಸ್ವತಂತ್ರ ಟೀಮ್ ಹುಟ್ಟಿ 2024ರಿಂದ ರೈಮಾಂಡಿ ಪಾರ್ಕ್‌ನಲ್ಲಿ ಆಡುತ್ತಿದೆ. ಅದರಲ್ಲಿ ಅಭಿಮಾನಿಗಳೇ ದುಡ್ಡು ಹಾಕಿ ಪಾಲು ಕೊಂಡಿದ್ದಾರೆ.

ಹಾಜರಿಯ ಗ್ರಾಫ್ ಬರೆಯುವವರಿಗೆ ಒಂದು ಸಲಹೆ. ಎಲ್ಲರೂ 2019ರಿಂದ ಶುರು ಮಾಡಿ ಕೆಳಗಿಳಿಯುವ ಗೆರೆ ಎಳೆಯುತ್ತಾರೆ. ನೀವು 1979ರಿಂದ ಶುರು ಮಾಡಿ, ಕೆಳಗೆ ಆಯಾ ಕಾಲದ ಓನರ್ ಹೆಸರು ಬರೆಯಿರಿ. ಜೂನ್ 13ನ್ನು ಬೇರೆ ಬಣ್ಣದಲ್ಲಿ ಹಾಕಿ.