ಸಹಾಯ ಕೇಳೋಕೆ ಹೋದರೆ ದಡ್ಡಿ ಅಂದುಕೊಳ್ತಾರಾ?

ಪ್ರಶ್ನೆ: ವಿಶ್ವವಿದ್ಯಾಲಯಕ್ಕೆ ಸೇರಿ ಆರು ವಾರ ಆಯಿತು. ಶಾಲೆಯಲ್ಲಿ ಯಾವತ್ತೂ ಟ್ಯೂಷನ್‌ಗೆ ಹೋದವಳಲ್ಲ. ಈಗ ಎರಡು ವಿಷಯಗಳಲ್ಲಿ ತಲೆಬುಡ ಗೊತ್ತಾಗುತ್ತಿಲ್ಲ. ಮೊದಲ ದಿನ ಟ್ಯೂಟರಿಂಗ್, ರೈಟಿಂಗ್ ಸೆಂಟರ್, ಆಫೀಸ್ ಅವರ್ಸ್, ಅಡ್ವೈಸರ್ ಅಂತ ಉದ್ದದ ಪಟ್ಟಿ ಕೊಟ್ಟಿದ್ದರು. ಅದೆಲ್ಲ ಫೇಲ್ ಆಗೋರಿಗೆ ಇರೋದು ಅಲ್ವಾ? ಹೋಗೋದಾದರೂ ಮೊದಲು ಎಲ್ಲಿಗೆ ಹೋಗಲಿ?

ಉತ್ತರ: ಈ ವಾರವೇ ಹೋಗಿ. ಮೊದಲು ಆ ವಿಷಯ ಕಲಿಸುವವರ ಹತ್ತಿರ, ಅವರ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳನ್ನು ನೋಡೋಕೆ ಅಂತಲೇ ಅವರು ಇಟ್ಟಿರುವ ಸಮಯಕ್ಕೆ ಹೋಗಿ. ನಿಮಗೆ ಬಿಡಿಸಲಾಗದ ಒಂದೇ ಒಂದು ಲೆಕ್ಕ ಅಥವಾ ಒಂದೇ ಒಂದು ಪುಟ ಹಿಡಿದುಕೊಂಡು ಹೋಗಿ. ಇಷ್ಟೇ ಉತ್ತರ. ಆದರೆ ಕಾರಣ ಗೊತ್ತಾಗದೆ ನೀವು ಹೋಗುವುದಿಲ್ಲ ಅಂತ ನನಗೆ ಗೊತ್ತು. ನಾನೂ ಹೋಗಿರಲಿಲ್ಲ.

ಮೊದಲ ವರ್ಷ ನಾನು ಪ್ರೊಫೆಸರ್ ಕೋಣೆಯ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ ಬಂದಿದ್ದೆ. ಮೂರನೇ ಸಲ ಬಾಗಿಲು ತಟ್ಟಬೇಕು ಅನ್ನುವಷ್ಟರಲ್ಲಿ ಒಳಗಿಂದ ಒಬ್ಬಳು ಹೊರಗೆ ಬಂದಳು. ನಮ್ಮ ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂತು, ಕೇಳಿದ್ದಕ್ಕೆಲ್ಲ ಪಟ್ಟನೆ ಉತ್ತರ ಹೇಳುತ್ತಿದ್ದ ಹುಡುಗಿ. 'ನಿನಗೇನು ಕಷ್ಟ ಇಲ್ಲಿ?' ಅಂದೆ. 'ಪ್ರತಿ ಮಂಗಳವಾರ ಬರ್ತೀನಲ್ಲ' ಅಂದಳು. ಅವಳು ಜಾಣೆ, ಅದಕ್ಕೇ ಉತ್ತರ ಹೇಳುತ್ತಾಳೆ ಅಂದುಕೊಂಡಿದ್ದೆ. ಮಂಗಳವಾರದ ಲೆಕ್ಕ ನನಗೆ ಗೊತ್ತೇ ಇರಲಿಲ್ಲ.

ಒಳಗೆ ಹೋಗಿ 'ಸರ್, ಏನೂ ಅರ್ಥ ಆಗ್ತಿಲ್ಲ' ಅಂದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. 'ಎಲ್ಲಿಯವರೆಗೆ ಅರ್ಥ ಆಯ್ತು, ಬೆರಳಿಡು' ಅಂದರು. ಗಣಿತದ ಕ್ಯಾಲ್ಕುಲಸ್‌ನಲ್ಲಿ ಬರುವ ಲಿಮಿಟ್‌ನ ವ್ಯಾಖ್ಯೆ ಅದು. ಪ್ರತಿ ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇದೆ (ಎರಡೂ ಪುಟ್ಟ ಅಂತರಗಳ ಹೆಸರು) ಅಂತ ಶುರುವಾಗುತ್ತದಲ್ಲ, ಅದು. ನಾನು ಎರಡನೇ ಸಾಲಿನ ಮೇಲೆ ಬೆರಳಿಟ್ಟೆ. 'ಎಪ್ಸಿಲಾನ್ ಕೊಡೋನು ನಿನ್ನ ಎದುರಾಳಿ. ಅವನು ಕೊಟ್ಟ ಮೇಲೆ ನೀನು ಡೆಲ್ಟಾ ಹುಡುಕಬೇಕು. ನೀನು ಡೆಲ್ಟಾನೇ ಮೊದಲು ಹಿಡಿದುಕೊಂಡು ಕೂತಿದೀಯ.' ಹತ್ತು ನಿಮಿಷವೂ ಆಗಿರಲಿಲ್ಲ. ಮೂರು ವಾರ ರಾತ್ರಿ ನಿದ್ದೆಗೆಟ್ಟು ಓದಿದ್ದು ತಿರುಗಾಮುರುಗಾ ಆಗಿತ್ತು, ಅಷ್ಟೆ.

'ಏನೂ ಅರ್ಥ ಆಗ್ತಿಲ್ಲ' ಅನ್ನೋದು ಸಾಮಾನ್ಯವಾಗಿ ಸುಳ್ಳು. ಎಲ್ಲೋ ಒಂದು ಕಡೆ ಎಡವಿರುತ್ತೀರಿ, ಅಲ್ಲಿಂದ ಮುಂದೆ ಎಲ್ಲ ಮಂಜು. ಆ ಜಾಗ ಒಬ್ಬರೇ ಕೂತು ಹುಡುಕುವುದು ಕಷ್ಟ. ಪಕ್ಕದಲ್ಲಿ ಕೂತವರಿಗೆ ಬೇಗ ಕಾಣುತ್ತದೆ.

ಇನ್ನು 'ಫೇಲ್ ಆಗೋರಿಗೆ' ಅನ್ನುವ ಮಾತು. ಇದು ನಿಮಗೆ ಮಾತ್ರ ಬಂದ ಯೋಚನೆಯಲ್ಲ. ಸಹಾಯ ಕೊಡುವವರಿಗೂ ಈ ತಲೆನೋವು ಇತ್ತು. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಅನ್ನುವವರು ಲೆಕ್ಕವನ್ನೇ ತಿರುಗಿಸಿ ಹಾಕಿದರು. ಹಿಂದೆ ಬಿದ್ದ ವಿದ್ಯಾರ್ಥಿ ಯಾರು ಅಂತ ಹುಡುಕುವ ಬದಲು, ಜಾಸ್ತಿ ಜನ ಮುಗ್ಗರಿಸುವ ಕೋರ್ಸ್ ಯಾವುದು ಅಂತ ಹುಡುಕಿದರು. ನೂರಕ್ಕೆ ಮೂವತ್ತು ಜನ ಫೇಲ್ ಆಗುವ, ತೀರಾ ಕಡಿಮೆ ಗ್ರೇಡ್ ಪಡೆಯುವ ಅಥವಾ ನಡುವೆಯೇ ಬಿಟ್ಟುಹೋಗುವ ಕೋರ್ಸ್ ಇದ್ದರೆ, ಕಷ್ಟ ಇರೋದು ಕೋರ್ಸಿನಲ್ಲಿ. ಅಲ್ಲಿಗೆ ಬಂದ ಎಲ್ಲರಿಗೂ ಬಾಗಿಲು ತೆರೆದಿಡಿ ಅನ್ನುವುದು ಅವರ ಯೋಚನೆ. ಇದಕ್ಕೆ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅಂತ ಹೆಸರು. ಬೇರೆ ದೇಶಗಳಿಗೂ ಹೋಯಿತು. ಆಸ್ಟ್ರೇಲಿಯಾ, ಬ್ರಿಟನ್ ಕಡೆ ಪಾಸ್, ಪಾಲ್ ಅನ್ನುವ ಚಿಕ್ಕ ಹೆಸರುಗಳಲ್ಲಿ ಸಿಗುತ್ತದೆ.

ಅಲ್ಲಿ ಎದುರಿಗೆ ನಿಲ್ಲುವವರು ಮೇಷ್ಟ್ರಲ್ಲ. ಹಿಂದಿನ ವರ್ಷ ಅದೇ ಕೋರ್ಸ್ ಚೆನ್ನಾಗಿ ಮುಗಿಸಿದ ಸೀನಿಯರ್. ಅವರು ನಿಮ್ಮ ಜೊತೆ ಮತ್ತೆ ಅದೇ ಕ್ಲಾಸಿನಲ್ಲಿ ಕೂತು, ನೋಟ್ಸ್ ಬರೆದುಕೊಂಡು, ಆಮೇಲೆ ವಾರಕ್ಕೆ ಒಂದೆರಡು ಸಲ ಗುಂಪನ್ನು ಕೂರಿಸಿಕೊಳ್ಳುತ್ತಾರೆ. ಪಾಠ ಮತ್ತೆ ಮಾಡುವುದಿಲ್ಲ. ಪ್ರಶ್ನೆ ಕೇಳಿದರೆ 'ನೀವೇನು ಅಂತೀರಿ?' ಅಂತ ಪಕ್ಕದವರಿಗೆ ದಾಟಿಸುತ್ತಾರೆ. ಮೊದಲ ದಿನ ಇದು ಕಿರಿಕಿರಿ ಅನ್ನಿಸುತ್ತದೆ, ಉತ್ತರ ಹೇಳಬಾರದಾ ಅಂತ. ಎರಡು ವಾರ ತಡೆದುಕೊಳ್ಳಿ.

ಇದಕ್ಕಿಂತ ನನಗೆ ಇಷ್ಟವಾದ ಇನ್ನೊಂದು ಕಥೆ ಇದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಅನ್ನುವ ಸಂಶೋಧನಾ ವಿದ್ಯಾರ್ಥಿ ಇದ್ದರು. ಕ್ಯಾಲ್ಕುಲಸ್‌ನಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಯಾಕೆ ಸೋಲುತ್ತಿದ್ದಾರೆ ಅಂತ ಅಧ್ಯಾಪಕರನ್ನು ಕೇಳಿದರು. ಆಸಕ್ತಿ ಇಲ್ಲ, ತಳಪಾಯ ಇಲ್ಲ, ಮನೆಯಲ್ಲಿ ಬೆಂಬಲ ಇಲ್ಲ, ದುಡ್ಡಿಲ್ಲ ಅಂತ ಉತ್ತರ ಬಂತು. ಅವರು ನಂಬಿಬಿಡಲಿಲ್ಲ. ವಿದ್ಯಾರ್ಥಿಗಳು ಎಲ್ಲಿ, ಹೇಗೆ ಓದುತ್ತಾರೆ ಅಂತ ಅವರ ಹಿಂದೆಯೇ ಹೋಗಿ ನೋಡಿದರು. ಆ ಹುಡುಗರು ಶ್ರದ್ಧೆಯಿಂದಲೇ ಓದುತ್ತಿದ್ದರು. ಮೇಷ್ಟ್ರು ಹೇಳಿದಷ್ಟು ಗಂಟೆ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ವಾರಕ್ಕೆ ಸುಮಾರು 14 ಗಂಟೆ ಕೊಡುತ್ತಿದ್ದರು. ಅದರಲ್ಲಿ ಬಹುಪಾಲು ಒಂಟಿಯಾಗಿ, ಉಳಿದದ್ದು ಸಂಜೆ ಗುಂಪಿನಲ್ಲಿ. ಒಬ್ಬರ ಉತ್ತರ ಇನ್ನೊಬ್ಬರು ನೋಡುತ್ತಿದ್ದರು. ಗುಂಪಿನಲ್ಲಿ ಯಾರಿಗೂ ಬಾರದ ಲೆಕ್ಕ ಇದ್ದರೆ, ಅದು ನಿಜವಾಗಿಯೂ ಕಷ್ಟದ್ದು ಅಂತ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದುವವನಿಗೆ ಅದು ಗೊತ್ತಾಗೋದೇ ಇಲ್ಲ. ತನ್ನದೇ ದಡ್ಡತನ ಅಂದುಕೊಳ್ಳುತ್ತಾನೆ.

ಆಮೇಲೆ ಟ್ರೈಸ್‌ಮನ್ ಶುರು ಮಾಡಿದ ವರ್ಕ್‌ಶಾಪಿನಲ್ಲಿ ಸುಲಭದ ಲೆಕ್ಕ ಕೊಡಲಿಲ್ಲ. ಕ್ಲಾಸಿಗಿಂತ ಕಷ್ಟದ್ದು ಕೊಟ್ಟರು, ಗುಂಪಿನಲ್ಲಿ ಬಿಡಿಸಿ ಅಂದರು. ಹಿಂದುಳಿದವರ ತರಗತಿ ಅಂತ ಕರೆಯಲೂ ಇಲ್ಲ, ಜಾಣರಿಗೆ ಇರುವ ಆನರ್ಸ್ ಕಾರ್ಯಕ್ರಮ ಅಂದರು. ಬಂದವರ ಗ್ರೇಡ್ ಏರಿತು. ಅದಕ್ಕೇ ನಿಮಗೆ ಹೇಳುವುದು, ಟ್ಯೂಟರ್ ಸಿಗದಿದ್ದರೂ ಪರವಾಗಿಲ್ಲ, ಮೂರು ಜನ ಹುಡುಕಿಕೊಳ್ಳಿ. ಮೊದಲು ಒಬ್ಬರೇ ಪ್ರಯತ್ನಿಸಿ, ಆಮೇಲೆ ಗುಂಪಿಗೆ ಹೋಗಿ. ಸುಮ್ನೆ ಖಾಲಿ ಕೈಯಲ್ಲಿ ಕೂತರೆ ಅದು ಹರಟೆಕಟ್ಟೆ ಆಗುತ್ತದೆ, ಅನುಭವದ ಮಾತು.

ಒಬ್ಬರಿಗೊಬ್ಬರು ಕೂರುವ ಟ್ಯೂಟರಿಂಗ್ ಬೇರೆ. ಒಂದು ನಿರ್ದಿಷ್ಟ ಗಂಟು ಬಿಡಿಸಿಕೊಳ್ಳೋಕೆ ಅದು ಒಳ್ಳೆಯದು. ಅಸೈನ್‌ಮೆಂಟ್ ಮಾಡಿಕೊಡಿ ಅಂತ ಕೇಳಬೇಡಿ, ಮಾಡಿಕೊಡುವುದೂ ಇಲ್ಲ. ಟ್ಯೂಟರ್ ಹೊಂದಲಿಲ್ಲ ಅಂದರೆ ಬೇರೆಯವರನ್ನು ಕೇಳಿ. ಅದರಲ್ಲಿ ನಾಚಿಕೆ ಏನಿಲ್ಲ.

ರೈಟಿಂಗ್ ಸೆಂಟರ್ ಬಗ್ಗೆ ಜಾಸ್ತಿ ತಪ್ಪು ತಿಳಿವಳಿಕೆ ಇದೆ. ಅದು ಕಾಗುಣಿತ ತಿದ್ದುವ ಅಂಗಡಿಯಲ್ಲ. ನನ್ನ ಮೊದಲ ಪ್ರಬಂಧ ಹಿಡಿದುಕೊಂಡು ಹೋದಾಗ, ಕೆಂಪು ಪೆನ್ ತೆಗೆಯುತ್ತಾರೆ ಅಂತ ಕಾದೆ. ಅಲ್ಲಿದ್ದವರು ಪೆನ್ನನ್ನೇ ಮುಟ್ಟಲಿಲ್ಲ. 'ಜೋರಾಗಿ ಓದು' ಅಂದರು. ಎರಡನೇ ಪ್ಯಾರಾದಲ್ಲಿ ನನಗೇ ಉಸಿರು ಕಟ್ಟಿತು, ವಾಕ್ಯ ಮುಗಿಯುತ್ತಲೇ ಇಲ್ಲ. ಪೂರ್ತಿ ಓದಿದ ಮೇಲೆ 'ಈಗ ಹಾಳೆ ಮುಚ್ಚಿ, ನೀನು ಹೇಳಹೊರಟಿದ್ದು ಏನು ಅಂತ ಒಂದೇ ಮಾತಿನಲ್ಲಿ ಹೇಳು' ಅಂದರು. ಹೇಳಿದೆ. 'ಅದು ಪ್ರಬಂಧದಲ್ಲಿ ಎಲ್ಲಿದೆ?' ಹುಡುಕಿದರೆ, ಕೊನೆಯ ಪ್ಯಾರಾದ ಕೊನೆಯ ಸಾಲಿನಲ್ಲಿತ್ತು. ಅದನ್ನು ತಂದು ಮೇಲಿಟ್ಟೆ, ಅರ್ಧ ಪ್ರಬಂಧ ತಾನಾಗಿ ಉದುರಿಹೋಯಿತು. ಅದಕ್ಕೇ ಕೊಡುವ ದಿನದ ಹಿಂದಿನ ರಾತ್ರಿ ಹೋಗಬೇಡಿ. ಅರ್ಧ ಬರೆದಾಗಲೇ ಹೋಗಿ. ಬರೀ ಪ್ರಬಂಧಕ್ಕೆ ಕೊಟ್ಟ ಪ್ರಶ್ನೆ ಇಟ್ಟುಕೊಂಡು ಹೋದರೂ ನಡೆಯುತ್ತದೆ. ನಿಮ್ಮಲ್ಲಿ ಇಂಥ ಸೆಂಟರ್ ಇಲ್ಲದಿದ್ದರೆ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ 1994ರಿಂದ ಇದೆ. ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯುವ ಯಾರು ಬೇಕಾದರೂ ಅದರ ಪುಟಗಳನ್ನು ಪುಕ್ಕಟೆ ಓದಬಹುದು.

ಲೈಬ್ರರಿಯಲ್ಲಿ ನಿಮ್ಮ ವಿಷಯಕ್ಕೇ ಅಂತ ಒಬ್ಬ ಲೈಬ್ರರಿಯನ್ ಇರಬಹುದು. ಎರಡು ದಿನ ಹುಡುಕಿ ಸುಸ್ತಾಗುವ ಬದಲು ಅವರನ್ನು ಹದಿನೈದು ನಿಮಿಷ ಕೇಳಿ. ಇಲ್ಲದ ಪುಸ್ತಕವನ್ನು ಬೇರೆ ಲೈಬ್ರರಿಯಿಂದ ತರಿಸಿಕೊಡುವ ವ್ಯವಸ್ಥೆಯೂ ಎಷ್ಟೋ ಕಡೆ ಇದೆ. ಆಕರಗಳನ್ನು ಜೋಡಿಸಿಡೋಕೆ ಜೋಟೆರೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಮೊದಲ ವರ್ಷವೇ ಕಲಿತುಬಿಡಿ, ಕೊನೆಯ ವರ್ಷ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಓದುವ ವಿಧಾನ ಹೇಳಿಕೊಡುವ ಕಾರ್ಯಾಗಾರಗಳು ಅಂದರೆ ನಾನು ಮೂಗು ಮುರಿಯುತ್ತಿದ್ದೆ. ಟೈಮ್‌ಟೇಬಲ್‌ಗೆ ಬಣ್ಣ ಹಚ್ಚೋದು ಯಾರಿಗೆ ಬೇಕು? ಆದರೆ ಒಂದು ವಿಷಯಕ್ಕೆ ಅಲ್ಲಿಗೆ ಹೋಗಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಪಠ್ಯವನ್ನು ಕೆಲವರು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಆಮೇಲೆ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಇಟ್ಟಾಗ ಎರಡು ಸಲ ಓದಿದವರದ್ದೇ ಮೇಲುಗೈ, ಶೇ. 81ಕ್ಕೆ ಶೇ. 75. ವಾರದ ನಂತರ ಉಲ್ಟಾ. ಓದಿದವರಿಗೆ ಉಳಿದದ್ದು ಶೇ. 42, ಬರೆದು ನೋಡಿದವರಿಗೆ ಶೇ. 56. ಪರೀಕ್ಷೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತು ಓದಿದಾಗ ಎಲ್ಲ ಬರುತ್ತದೆ ಅನ್ನಿಸೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಓದಿ, ಪುಸ್ತಕ ಮುಚ್ಚಿ, ಬರೆಯಿರಿ.

ಅಡ್ವೈಸರ್ ಅನ್ನುವವರು ಪಾಠ ಹೇಳಿಕೊಡುವವರಲ್ಲ, ನಿಯಮ ಗೊತ್ತಿರುವವರು. ಅದಕ್ಕೇ ಅವರು ಬೇಕು. ಕೋರ್ಸ್ ಕೈಬಿಡೋಕೆ ಒಂದು ಕಡೆಯ ದಿನಾಂಕ ಇರುತ್ತದೆ. ಅದರೊಳಗೆ ಬಿಟ್ಟರೆ ಅಂಕಪಟ್ಟಿಗೆ ಕಲೆ ಇಲ್ಲ, ಅಥವಾ ಬಿಟ್ಟಿದ್ದಾರೆ ಅಂತ ಒಂದು ಗುರುತು ಮಾತ್ರ. ದಾಟಿದರೆ ಫೇಲ್ ಅಂತಲೇ ದಾಖಲಾಗಬಹುದು. ನನ್ನ ಗೆಳೆಯನೊಬ್ಬ ಎರಡೇ ದಿನ ತಡ ಮಾಡಿದ. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು, ಕ್ಯಾಲೆಂಡರ್ ನೋಡಿರಲಿಲ್ಲ. ನಿಮಗೆ ಎರಡು ವಿಷಯ ಕಷ್ಟ ಅಂದಿರಲ್ಲ, ಹಾಗಾಗಿ ಈ ದಿನಾಂಕವನ್ನು ಇವತ್ತೇ ನೋಡಿ. ಬಿಡಿ ಅಂತ ಹೇಳುತ್ತಿಲ್ಲ. ಆದರೆ ಬಿಟ್ಟರೆ ಸ್ಕಾಲರ್‌ಶಿಪ್‌ಗೆ ಏನಾದರೂ ತೊಂದರೆಯಾ, ಮುಂದಿನ ಯಾವ ಕೋರ್ಸಿಗೆ ಇದು ಬೇಕು ಅಂತ ಕೇಳಿಕೊಂಡು ಇಟ್ಟುಕೊಳ್ಳಿ.

ಓದುವಾಗ ಅಕ್ಷರಗಳೇ ಹಿಡಿತಕ್ಕೆ ಸಿಗದಿರುವುದು, ಗಮನ ನಿಲ್ಲದಿರುವುದು, ಕಿವಿ ಅಥವಾ ಕಣ್ಣಿನ ತೊಂದರೆ, ದೀರ್ಘ ಕಾಯಿಲೆ, ಇಂಥದ್ದೇನಾದರೂ ಇದ್ದರೆ ಅದಕ್ಕೆ ಬೇರೆ ಕಚೇರಿ ಇರುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ನೋಟ್ಸ್ ಬರೆದುಕೊಡುವವರು, ಪ್ರತ್ಯೇಕ ಕೋಣೆ ಸಿಗಬಹುದು. ಇದು ಕೇಳದೆ ಬರುವುದಿಲ್ಲ. ದಾಖಲೆ ಕೇಳುತ್ತಾರೆ, ಸಮಯ ಹಿಡಿಯುತ್ತದೆ, ಬರೆದು ಮುಗಿಸಿದ ಪರೀಕ್ಷೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಮನಸ್ಸೇ ಕುಗ್ಗಿ ಕ್ಲಾಸಿಗೆ ಹೋಗೋಕೆ ಆಗುತ್ತಿಲ್ಲ ಅಂದರೆ ಟ್ಯೂಟರ್ ಅಲ್ಲ, ಮೊದಲು ಕೌನ್ಸೆಲರ್ ಹತ್ತಿರ ಹೋಗಿ.

ನೀವು ಕೇಳದೇ ಇದ್ದ ಒಂದು ಮಾತು. ಆ ಉದ್ದದ ಪಟ್ಟಿಯ ಕೊನೆಯಲ್ಲಿ ಸಂಶೋಧನೆ, ವಿನಿಮಯ ಕಾರ್ಯಕ್ರಮ ಅಂತೆಲ್ಲ ಇರುತ್ತದೆ. ಅದು ಕೊನೆಯ ವರ್ಷದ ಬುದ್ಧಿವಂತರಿಗೆ ಅಂತ ಪುಟ ಮಗುಚಿರುತ್ತೀರಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಶುರು ಮಾಡಿದ ಯುರಾಪ್ ಕಾರ್ಯಕ್ರಮದಲ್ಲಿ ಪದವಿ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಜೊತೆ ನಿಜವಾದ ಸಂಶೋಧನೆ ಮಾಡುತ್ತಾರೆ. ಮೊದಲ ವರ್ಷದವರೂ ಸೇರಬಹುದು. ಇದೇ ಮಾದರಿ ಈಗ ಬೇರೆ ಕಡೆಯೂ ಇದೆ. ವಿನಿಮಯ, ಅಂದರೆ ಸ್ವಲ್ಪ ಕಾಲ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋಗಿ ಓದುವ ವಿಷಯವೂ ಹಾಗೆ. ಯುರೋಪಿನ ಎರಾಸ್ಮಸ್ 1987ರಲ್ಲಿ ಶುರುವಾದಾಗ ಹೋದವರು 3,244 ಜನ, ಈಗ ಅದು ಲಕ್ಷಗಳ ಲೆಕ್ಕ. ಆದರೆ ಅರ್ಜಿ ಹಾಕುವುದು ಹೋಗುವುದಕ್ಕೆ ತಿಂಗಳುಗಟ್ಟಲೆ ಮೊದಲು. ಎರಡನೇ ವರ್ಷ ಹೋಗಬೇಕು ಅಂದರೆ ಮೊದಲ ವರ್ಷವೇ ಅಡ್ವೈಸರ್ ಕಿವಿಗೆ ಹಾಕಿರಬೇಕು. ಮತ್ತೆ ಇದಕ್ಕೆಲ್ಲ ಶಿಫಾರಸು ಪತ್ರ ಬರೆಯುವವರು ಯಾರು ಹೇಳಿ? ಮುನ್ನೂರು ಜನರ ಕ್ಲಾಸಿನಲ್ಲಿ ನಿಮ್ಮ ಮುಖ ಗೊತ್ತಿರುವ ಮೇಷ್ಟ್ರು. ಮಂಗಳವಾರದ ಹುಡುಗಿಗೆ ಆ ಪತ್ರ ಸುಲಭವಾಗಿ ಸಿಕ್ಕಿತು.

ಹೇಗೆ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಇದನ್ನೇ ಬರೆದು ಕಳಿಸಿ:

'ನಮಸ್ಕಾರ. ನಾನು ನಿಮ್ಮ ಬೆಳಗಿನ ಕ್ಲಾಸಿನ ಮೊದಲ ವರ್ಷದ ವಿದ್ಯಾರ್ಥಿನಿ. ಮೂರನೇ ವಾರದ ನಾಲ್ಕನೇ ಲೆಕ್ಕದಲ್ಲಿ ಎರಡನೇ ಹೆಜ್ಜೆಯವರೆಗೆ ಬರುತ್ತಿದೆ, ಮುಂದೆ ಹೋಗುತ್ತಿಲ್ಲ. ನಾನು ಮಾಡಿದ್ದರ ಫೋಟೋ ಜೊತೆಗಿದೆ. ನಿಮ್ಮ ಆಫೀಸ್ ಅವರ್ಸ್‌ಗೆ ಬರಬಹುದಾ?'

ಎರಡು ದಿನದಲ್ಲಿ ಉತ್ತರ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಮೇಲ್ ಎಲ್ಲೋ ಕೆಳಗೆ ಹೂತುಹೋಗಿರುತ್ತದೆ. ಬಾಗಿಲ ಮೇಲೆ ಸಮಯ ಅಂಟಿಸಿರುತ್ತಾರೆ, ನೋಡಿಕೊಂಡು ನೇರ ಹೋಗಿ. ಹೊರಗೆ ಯಾರಾದರೂ ಕಾಯುತ್ತಿದ್ದರೆ ಅವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಕೇಳಿ. ನಾಲ್ಕನೇ ಲೆಕ್ಕವೇ ಇರಬಹುದು.